ಮೇಲಿನ ಗಾಜು, ಕೆಳಗಿನ ಗಾಜು

ಇಲಿಯಾಸ್ ತಂದಿದ್ದಾನೆ, ಎಂಟು ಕಂತಿನ ಸಾಲದಲ್ಲಿ.
ಬಿ.ಎಂ. ರಸ್ತೆಯ ನಮ್ಮ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ
ಲೆನ್ಸು ಉಜ್ಜುವ ಹುಡುಗ ಬುತ್ತಿ ಬಿಚ್ಚದೆ,
ಗಾಜಿನ ಪುಡಿ ಹತ್ತಿದ ಬೆರಳು ಪ್ಯಾಂಟಿಗೊರೆಸಿ
ಪಾರ್ಸೆಲ್ ಬಿಚ್ಚಿದ.

ಕನ್ನಡಕದ ಪೆಟ್ಟಿಗೆ ಅಂದುಕೊಂಡೆ.
ಹಾಗೇ ಇದೆ. ಮಡಚಿದರೆ ಅಂಗೈಯಗಲ,
ಬಿಡಿಸಿದರೆ ಅರ್ಧಕ್ಕೊಮ್ಮೆ ಟಿಕ್, ಪೂರ್ತಿಗೊಮ್ಮೆ ಟಿಕ್.
ಆಟದ ಸಾಮಾನಿನಲ್ಲಿ ಯಾರಾದರೂ ಮೊದಲು
ಕೀಲು ನೋಡುತ್ತಾರೆಯೇ? ನಾನು ನೋಡಿದೆ.
ಮೂವತ್ತು ವರ್ಷ ಕಡ್ಡಿಗಳ ತಿರುಪು ಬಿಗಿದವನು.
ಗಟ್ಟಿಯಿದೆ. ತಿರುಪು ಎಲ್ಲೋ ಒಳಗಡಗಿದೆ,
ನನ್ನ ಅತಿ ಸಣ್ಣ ಸ್ಕ್ರೂಡ್ರೈವರಿಗೂ ಬಾಯಿ ಬಿಡದು.
"ಎಷ್ಟು ದಿನ ಬಾಳತ್ತೋ?"
"ನೀವು ತೆಗ್ದು ಮುಚ್ಚಿ ಮಾಡದಿದ್ರೆ ಬಾಳತ್ತೆ ಸಾರ್."
ದೇವಿಯ ಬಾಗಿಲನ್ನೇ ವರ್ಷಕ್ಕೊಮ್ಮೆ ತೆಗೆಯುವ ಊರು ನಮ್ಮದು.
ಇದನ್ನು ನಾನು ಊಟದ ಹೊತ್ತಿನೊಳಗೆ
ನಲವತ್ತು ಸಲ ತೆಗೆದೆ.

ಮೇಲೊಂದು ಪರದೆ, ಕೆಳಗೊಂದು.
ಮೇಲಿನದು ನೋಡಲು, ಕೆಳಗಿನದು ಮುಟ್ಟಲು.
ಮೇಲೆ ಬೆಟ್ಟ, ಹಾರುವ ಮೀನು, ಮುಗಿಯದ ಸಂಜೆ;
ಕೆಳಗೆ ನಕ್ಷೆ, ಗಂಟುಮೂಟೆ, ಉಳಿದ ದುಡ್ಡು.
ಇಲಿಯಾಸ್ ವಿವರಿಸುತ್ತಾನೆ, ನನಗೆ ನಗು.
ದಿನಾ ನಾವು ಮಾರುವುದು ಇದನ್ನೇ ಅಲ್ಲವೇನೋ,
ದೂರ ಮೇಲೆ, ಹತ್ತಿರ ಕೆಳಗೆ,
ನಡುವೆ ಒಂದು ಗೆರೆ.

ತಕರಾರೂ ಇವೆ.
ಎರಡು ಪರದೆಯ ಬಿಳುಪು ಒಂದೇ ಅಲ್ಲ,
ಮೇಲಿನದು ನೀಲಿಗೆ ವಾಲಿದೆ, ಕೆಳಗಿನದು ಹಳದಿಗೆ,
ಬೇರೆ ಬೇರೆ ಸೋಪಿನಲ್ಲಿ ಒಗೆದ ಜೋಡಿ ಪಂಚೆ.
ಅಕ್ಷರ ಇರುವೆಸಾಲು, ಅದರಲ್ಲಿ ಕನ್ನಡವಿಲ್ಲ.
ಕಿರುಬೆರಳಿಗೆ ಕೂರಲು ಜಾಗವಿಲ್ಲ.
ಕಾಲು ಗಂಟೆಗೆ ಬೆನ್ನು ಬೆಚ್ಚಗಾಗುತ್ತದೆ,
ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ, ಅಂದ ಇಲಿಯಾಸ್.
ಜೈನ ನಾನು, ಅವನ ಮಾತಿನ ಮೇಲೆ ನಂಬಿದೆ.

ಆದರೆ ಆ ಹಳದಿ ಕೊಡೆಯ ಹುಡುಗಿ!
ಮೇಲಿನ ಪರದೆಯ ಬಂಡೆಯಿಂದ ಹಾರುತ್ತಾಳೆ,
ಕೆಳಗಿನ ಪರದೆಯ ಬಾವಿಗೆ ಬೀಳುತ್ತಾಳೆ.
ನಡುವೆ, ಕೀಲಿರುವ ಬೆರಳಗಲ ಕಪ್ಪಿನಲ್ಲಿ,
ರೆಪ್ಪೆ ಬಡಿಯುವಷ್ಟು ಹೊತ್ತು
ಎಲ್ಲೂ ಇಲ್ಲ.
ಮತ್ತೆ ಹಾರಿಸಿದೆ. ಮತ್ತೆ ಇಲ್ಲ.
ಸಾರು ಆರಿತು.

ಅಷ್ಟರಲ್ಲಿ ತಣ್ಣೀರುಹಳ್ಳದ ಪುಟ್ಟಮ್ಮಣ್ಣಿ,
ಅರ್ಧ ಎಳೆದ ಶಟರಿನಡಿ ಬಗ್ಗಿ ಬಂದವಳು
ಹೋದ ವಾರ ಕೊಂಡ ಕನ್ನಡಕ ಮೇಜಿಗಿಟ್ಟಳು:
"ಮೆಟ್ಲು ನೆಗೀತವೆ ಕಣಪ್ಪ ಧರಣೇಂದ್ರ.
ಇಳಿಯೋವಾಗ ಒಂದು ಮೆಟ್ಲು ಕಳದೋಯ್ತದೆ."

ಇದಕ್ಕೆ ನನ್ನ ಬಾಯಲ್ಲೊಂದು ಉತ್ತರವಿದೆ, ಸವೆದದ್ದು:
ಒಂದು ವಾರ ತಡೀರಿ, ಕಣ್ಣು ಒಗ್ಗುತ್ತೆ,
ಇಳಿಯುವಾಗ ಕತ್ತು ಬಗ್ಗಿಸಿ.
ಮೂವತ್ತು ವರ್ಷ ಹೇಳಿದ್ದೇನೆ,
ನನ್ನ ಕಣ್ಣಿಗೆ ಗೆರೆ ಬೀಳುವ ಮೊದಲೂ.
ಇವತ್ತು "ಒಂದು ವಾರ" ಎಂಬಲ್ಲಿಗೇ ನಿಂತೆ.
ಕಡ್ಡಿ ಬಗ್ಗಿಸಿ, ಗಾಜು ಎರಡು ಕೂದಲೆಳೆ ಇಳಿಸಿ ಕೊಟ್ಟೆ.
ಆಮೇಲೆ, ಯಾಕೋ, ಇದನ್ನು ಅವಳ ಕೈಗಿತ್ತೆ.

ಒತ್ತಿದಳು. ಹುಡುಗಿ ಹಾರಿದಳು.
"ನಡುವೆ ಎಲ್ಲೋದ್ಲು?"
"ಅಲ್ಲಿ ಕೀಲಿದೆ ಅಮ್ಮ. ಪರದೆ ಇಲ್ಲ."
"ಪರದೆ ಇಲ್ದಿದ್ರೇನು, ಅವಳು ಇರಬೇಕಲ್ಲ."

ಇಲಿಯಾಸ್ ಬಾಯಿ ತೆರೆದ, ಮುಚ್ಚಿದ.
ಎರಡನೆ ಸಲ ಪುಟ್ಟಮ್ಮಣ್ಣಿ ಕಾದು ಕೂತು
ಎಡಗೈ ಹೆಬ್ಬೆರಳನ್ನು ಕೀಲಿನ ಮೇಲೆ ಒತ್ತಿ ಹಿಡಿದಳು,
ಹಾರುವ ಮಗುವಿಗೆ ಮಡಿಲೊಡ್ಡುವಂತೆ.
"ಹೂಂ," ಅಂದಳು. ಸಿಕ್ಕಿತೋ ಇಲ್ಲವೋ ಹೇಳಲಿಲ್ಲ.

ದುಡ್ಡು ಬೇಡವೆಂದೆ. ಕೊಟ್ಟೇ ಹೋದಳು, ಇಪ್ಪತ್ತು ರೂಪಾಯಿ.
ನಮ್ಮಂಗಡಿಗೆ ಮೂರು ಮೆಟ್ಟಿಲು.
ಬಾಗಿಲಲ್ಲಿ ನಿಂತು ನೋಡಿದೆ, ಕತ್ತು ಬಗ್ಗಿಸಿ.
ಎರಡನೆಯದರ ಮೇಲೆ ಅವಳು ತಡೆದಳು,
ಕಾಲಲ್ಲಿ ಗಾಳಿಯನ್ನೊಮ್ಮೆ ಮುಟ್ಟಿದಳು,
ಇಳಿದಳು.
ಅರಸೀಕೆರೆಯ ಬಸ್ಸೊಂದು ಅಡ್ಡ ಬಂತು.

"ಸಾರ್, ಚಾರ್ಜರ್ ಎಲ್ಲಿಟ್ರಿ?
ನಾಕೇ ಪರ್ಸೆಂಟಿದೆ."